ಗೂಬೆಯ ಪೆಟ್ಟಿಗೆಗೆ ತಗಡು ಬೇಡ

ಮಾನ್ಯರೇ,

ಭತ್ತದ ಗದ್ದೆಗಳಲ್ಲಿ ಇಲಿಕಾಟ ತಗ್ಗಿಸಲು ಕಣಜ ಗೂಬೆಗಳಿಗೆ ಪೆಟ್ಟಿಗೆ ಗೂಡು ಇಡುವ ಪ್ರಯತ್ನ ಅಲ್ಲಲ್ಲಿ ನಡೆದಿರುವುದು ಸಂತೋಷದ ಸಂಗತಿ. ಪೊಟರೆಯುಳ್ಳ ಹಳೆಯ ಮರಗಳೂ ಹಂಚಿನ ಮನೆಗಳ ಅಟ್ಟಗಳೂ ಕಡಿಮೆಯಾಗುತ್ತಿರುವಾಗ, ತಾನಾಗಿ ಗೂಡು ಕಟ್ಟದ ಈ ಹಕ್ಕಿಗೆ ಅಂಥ ಪೆಟ್ಟಿಗೆ ದೊಡ್ಡ ಆಸರೆ. ಆದರೆ ಅದನ್ನು ಯಾವುದರಿಂದ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸದೆ ಹಂಚಿದರೆ ಹಕ್ಕಿಗೆ ಕೇಡೇ ಆಗುತ್ತದೆ ಎಂಬುದನ್ನು ನನ್ನ ಗದ್ದೆಯಲ್ಲೇ ಕಂಡಿದ್ದೇನೆ.

ಮೂರು ವರ್ಷಗಳ ಹಿಂದೆ ಸಂಸ್ಥೆಯೊಂದು ನಮಗೆ ಕೊಟ್ಟ ಪೆಟ್ಟಿಗೆ ತಗಡಿನದು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ ಬಾಗಿಲು ತಳದಿಂದ ನಾಲ್ಕೇ ಬೆರಳು ಮೇಲಿತ್ತು. ಗೂಬೆ ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುವುದರಿಂದ ಮರಿಗಳು ಎರಡು ಮೂರು ದಿನಗಳ ಅಂತರದಲ್ಲಿ ಹೊರಬಂದು ಚಿಕ್ಕವು, ದೊಡ್ಡವು ಒಟ್ಟಿಗೇ ಇರುತ್ತವೆ. ದೊಡ್ಡ ಗೂಬೆ ಇಲಿ ತಂದೊಡನೆ ಮರಿಗಳೆಲ್ಲ ಬಾಗಿಲಿಗೆ ನುಗ್ಗುತ್ತವೆ. ಒಂದು ಮುಂಜಾನೆ ಬಿಳಿಯ ತುಪ್ಪುಳ ಇನ್ನೂ ಉದುರದ ಮರಿಯೊಂದು ಬದುವಿನ ಕೆಸರಿನಲ್ಲಿ ಸತ್ತು ಬಿದ್ದಿತ್ತು, ಅರ್ಧ ನುಂಗಿದ ಇಲಿಯ ಬಾಲ ಕೊಕ್ಕಿನಿಂದ ಹೊರಗಿತ್ತು. ನೆಲಕ್ಕೆ ಬಿದ್ದ ಮರಿಗೆ ತಾಯಿಗೂಬೆ ಸಾಮಾನ್ಯವಾಗಿ ಉಣಿಸುವುದಿಲ್ಲ.

ಅನಂತರ ನಾವೇ ಬಡಗಿಯಿಂದ ಮಾಡಿಸಿದ ಪೆಟ್ಟಿಗೆಗೆ ನೀರು ತಡೆಯುವ 12 ಮಿ.ಮೀ. ಪ್ಲೈವುಡ್ ಬಳಸಿದೆವು. ತಳ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಆರು ಅಂಗುಲದ ಬಾಗಿಲು ತಳದಿಂದ ಒಂದೂವರೆ ಅಡಿ ಮೇಲೆ. ಮರಿಗಳು ಬೆಳೆದ ಮೇಲೆ ಹತ್ತಿ ಹೊರಬರಲು ಬಾಗಿಲ ಕೆಳಗೆ ಒಳಗಡೆ ಅಡ್ಡ ಪಟ್ಟಿಗಳು. ಒಳಗೆ ಬಣ್ಣವನ್ನಾಗಲಿ ಗೆದ್ದಲಿನ ಔಷಧಿಯನ್ನಾಗಲಿ ಬಳಿಯಲೇಬಾರದು. ಹೊರಗೆ ಮಾತ್ರ ತಿಳಿಬಣ್ಣ ಬಳಿದು, ಮಳೆನೀರು ಬಾಗಿಲಿಗೆ ಇಳಿಯದಂತೆ ಮುಂದಕ್ಕೆ ಚಾಚಿದ ಇಳಿಜಾರು ಮುಚ್ಚಳ, ತಳದಲ್ಲಿ ನಾಲ್ಕಾರು ತೂತು, ತುಕ್ಕು ಹಿಡಿಯದ ಸ್ಕ್ರೂ, ಶುಚಿಮಾಡಲು ಪಕ್ಕದಲ್ಲಿ ಕೀಲುಬಾಗಿಲು ಇಟ್ಟರೆ ಸಾಕು.

ನಿಲ್ಲಿಸುವಾಗಲೂ ಅಷ್ಟೇ ಎಚ್ಚರ ಬೇಕು. ವಿದ್ಯುತ್ ತಂತಿ ಹಾಗೂ ಹೆದ್ದಾರಿಯಿಂದ ದೂರದಲ್ಲಿ, ಗಾಳಿಗೆ ಅಲುಗದ ಗಟ್ಟಿ ಕಂಬದ ಮೇಲೆ ಹನ್ನೆರಡರಿಂದ ಹದಿನೈದು ಅಡಿ ಎತ್ತರದಲ್ಲಿ, ನೈಋತ್ಯದ ಮಳೆಗೆ ಬೆನ್ನು ಕೊಟ್ಟು ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಮುಖಮಾಡುವಂತೆ ಅದನ್ನು ಕೂರಿಸಬೇಕು. ತಗಡಿಗೆ ಇಲ್ಲೊಂದು ಒಳ್ಳೆಯ ಉಪಯೋಗವಿದೆ: ಕಂಬದ ನಡುವಿಗೆ ಮೂರಡಿ ನುಣುಪು ತಗಡು ಸುತ್ತಿದರೆ ಬೆಕ್ಕು, ಹಾವು ಹತ್ತುವುದು ಕಷ್ಟ. ಆ ಗದ್ದೆಯಲ್ಲಿ ಬ್ರೋಮಾಡಿಯೋಲೋನ್‌ನಂಥ ಇಲಿಪಾಷಾಣ ಇಡಬಾರದೆಂದೂ ಹೇಳಬೇಕು, ಏಕೆಂದರೆ ವಿಷ ತಿಂದ ಇಲಿಯಿಂದ ಅದು ಗೂಬೆಗೂ ಸೇರುತ್ತದೆ.

ಪೆಟ್ಟಿಗೆ ಹಂಚುವ ಇಲಾಖೆ ಮತ್ತು ಸಂಸ್ಥೆಗಳು ಅಳತೆ ಸಹಿತವಾದ ನಕ್ಷೆಯನ್ನು ಎಲ್ಲ ರೈತ ಸಂಪರ್ಕ ಕೇಂದ್ರಗಳಲ್ಲಿ ಒದಗಿಸಬೇಕು, ಈಗಾಗಲೇ ನಿಲ್ಲಿಸಿರುವ ತಗಡಿನ ಪೆಟ್ಟಿಗೆಗಳನ್ನು ಮುಂದಿನ ಬೇಸಿಗೆಗೆ ಮೊದಲು, ಒಳಗೆ ಮೊಟ್ಟೆ ಮರಿಗಳಿಲ್ಲವೆಂದು ನೋಡಿಕೊಂಡು, ಬದಲಾಯಿಸಬೇಕು ಎಂದು ವಿನಂತಿಸುತ್ತೇನೆ.

– ಒಬ್ಬ ಭತ್ತದ ಬೆಳೆಗಾರ, ಮಂಡ್ಯ ಜಿಲ್ಲೆ