ಆ ಅಂಕೆ ಯಾವ ಕ್ರಿಯೆಯದ್ದು?

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ವಿಡಿಯೊ ನಾಲ್ಕು ಸಲ ನೋಡಿದೆ. ಟೈಟಾನಿಯಂ, ಸಿಲಿಕಾನ್ ಪುಡಿ ಬೆರೆಸಿ ಒತ್ತಿದ ಬಿಲ್ಲೆಯ ನೆತ್ತಿಗೆ ಕಾದ ತಂತಿ ತಾಕಿದ್ದೇ ತಡ, ಕೆಂಡದ ಗೆರೆ ಸರಸರನೆ ಇಳಿದು ಪುಡಿಯೆಲ್ಲ ಟೈಟಾನಿಯಂ ಸಿಲಿಸೈಡ್ ಆಗಿಬಿಟ್ಟಿತು. ನಿನ್ನ ಅತ್ತೆ "ಊದುಬತ್ತಿ ಉರಿದ ಹಾಗಿದೆಯಲ್ಲ" ಅಂದಳು. ಹೌದು, ಆದರೆ ಊದುಬತ್ತಿಗೆ ಗಾಳಿ ಬೇಕು, ಇದು ಆರ್ಗಾನ್ ಎಂಬ ಜಡ ಅನಿಲದೊಳಗೂ ಉರಿಯುತ್ತೆ. ಟೈಟಾನಿಯಂ, ಸಿಲಿಕಾನ್ ಕೂಡುವಾಗ ಹುಟ್ಟುವ ಶಾಖವೇ ಮುಂದಿನ ಪದರವನ್ನು ಹೊತ್ತಿಸುತ್ತೆ.

"ಮಾವ, ಸಕ್ರಿಯಣ ಶಕ್ತಿ ಸಿಕ್ಕಿತು" ಅಂತ ಬರೆದಿದ್ದೀಯಲ್ಲ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ. ಈ ಪತ್ರ ಅದಕ್ಕೇ. ಉರಿಯ ವೇಗವನ್ನು ಉರಿಯ ಉಷ್ಣತೆಯಿಂದ ಭಾಗಿಸಿ, ಲಾಗರಿದಂ ತೆಗೆದು, ಉಷ್ಣತೆಯ ವ್ಯುತ್ಕ್ರಮದ ಎದುರು ಗುರುತಿಸಿದ್ದೀಯ. ನೇರ ಗೆರೆ ಬಂದಿದೆ. ಆ ಗೆರೆಯ ಇಳಿಜಾರಿನ ಛೇದದಲ್ಲಿ ಅಡಗಿರುವ 2 ಎಂಬ ಅಂಕೆಯನ್ನೂ ಮರೆತಿಲ್ಲ. ಮರೆತವರಿಗೆ ಉತ್ತರ ಅರ್ಧವೇ ಸಿಗುತ್ತೆ. ನಿನ್ನ ವಯಸ್ಸಲ್ಲಿ ನಾನೂ ಅಂಥದ್ದೇ ಗೆರೆ ಎಳೆದು ಬೀಗಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದ್ದು ಇಷ್ಟೇ: "ಈ ಶಕ್ತಿ ಯಾವ ಕ್ರಿಯೆಯದ್ದು?" ನನ್ನ ಬಾಯಿ ಕಟ್ಟಿಹೋಯಿತು.

ಘನದಲ್ಲಿ ಪರಮಾಣುಗಳು ನುಸುಳುವುದೇ ಬೇರೆ, ದ್ರವದಲ್ಲಿ ಲೋಹ ಕರಗುವುದೇ ಬೇರೆ. ಸಿಲಿಕಾನ್ 1414 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಪಕ್ಕದಲ್ಲಿ ಟೈಟಾನಿಯಂ ಇದ್ದರೆ ಸುಮಾರು 1330ಕ್ಕೇ ದ್ರವ ಹುಟ್ಟಿ ಕಣಗಳ ಸಂದಿಗೆಲ್ಲ ಹರಿಯುತ್ತೆ. ಆಮೇಲಿನ ಕಥೆಯೇ ಬೇರೆ. ಕುಲುಮೆಯಲ್ಲಿ ನಿಮಿಷಕ್ಕೆ 10 ಡಿಗ್ರಿ ಏರಿಸಿ ಅಳೆದದ್ದನ್ನು, ಸೆಕೆಂಡಿಗೆ ಸಾವಿರಾರು ಡಿಗ್ರಿ ಏರುವ ಈ ಉರಿಗೆ ಅಂಟಿಸಬೇಡ.

ಇನ್ನೊಂದು. ಗೆರೆಗೆ ಬೇರೆಬೇರೆ ಬಿಂದು ಸಿಗಲೆಂದು ಉರಿಯ ಉಷ್ಣತೆ ತಗ್ಗಿಸಲು ಮೊದಲೇ ತಯಾರಾದ ಸಿಲಿಸೈಡ್ ಪುಡಿ ಬೆರೆಸಿದ್ದೀಯ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಬೆರಕೆ ಹೆಚ್ಚಿದಂತೆ ಬಿಲ್ಲೆಯ ಶಾಖವಾಹಕತೆ, ಕಣಕ್ಕೆ ಕಣ ತಾಗುವ ಜಾಗ, ಎಲ್ಲವೂ ಬದಲಾಗುತ್ತೆ. ಬೆರಕೆಯಿಲ್ಲದ ಬಿಲ್ಲೆಗಳನ್ನು ಬೇರೆಬೇರೆ ಮಟ್ಟಕ್ಕೆ ಮೊದಲೇ ಕಾಯಿಸಿ ಹೊತ್ತಿಸುವ ಸರಣಿಯನ್ನೂ ಮಾಡು. ಟೈಟಾನಿಯಂ ಪುಡಿ ಅದೇ ಡಬ್ಬಿಯದ್ದಿರಲಿ. ಕಣ ದಪ್ಪಗಾದರೆ ವೇಗ ಕುಗ್ಗುತ್ತೆ. ಎರಡು ಇಳಿಜಾರುಗಳೂ ಒಂದಕ್ಕೊಂದು ಹೊಂದದಿದ್ದರೆ ಅಂಕೆಯನ್ನು ಅಚ್ಚಿಗೆ ಕಳಿಸಬೇಡ.

ಎಲ್ಲಕ್ಕಿಂತ ಮುಖ್ಯ, ಉರಿಯನ್ನು ದಾರಿಯಲ್ಲೇ ಕೊಲ್ಲು. ತಾಮ್ರದ ಗಟ್ಟಿಯಲ್ಲಿ ಬೆಣೆಯಾಕಾರದ ಕುಳಿ ಕೊರೆಸಿ ಪುಡಿ ಒತ್ತಿದರೆ, ಕಿರಿದಾದ ತುದಿಯಲ್ಲಿ ತಾಮ್ರ ಶಾಖವನ್ನು ಹೀರಿ ಉರಿ ನಿಲ್ಲುತ್ತೆ. ಅಲ್ಲಿ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡು. ಸಿಲಿಕಾನ್ ಕರಗಿ ಹರಡಿದೆಯೋ, ಸಿಲಿಸೈಡ್ ಮೊದಲು ಎಲ್ಲಿ ಮೂಡಿದೆಯೋ ಗೊತ್ತಾಗುತ್ತೆ.

ಮುಂದೆ ಮಾಲಿಬ್ಡಿನಂ ಸಿಲಿಸೈಡ್ ಅಂದೆ. ಅದು ಸೋಮಾರಿ. ನಿನ್ನ ಟೈಟಾನಿಯಂದು ಲೆಕ್ಕದಲ್ಲಿ 2500 ಕೆಲ್ವಿನ್ ಹತ್ತಿರ ಮುಟ್ಟಿದರೆ, ಅದು ಸುಮಾರು 1900. 1800ಕ್ಕಿಂತ ಕೆಳಗಾದರೆ ಉರಿ ತಾನಾಗಿ ಸಾಗದು ಅನ್ನುವುದು ವಾಡಿಕೆಯ ಲೆಕ್ಕ. ಗೆರೆ ತಡವರಿಸಿದರೆ ಗಾಬರಿಯಾಗಬೇಡ.

ಪುಡಿಗಳನ್ನು ನಿರ್ವಾತದಲ್ಲಿ ಒಣಗಿಸದೆ ಒತ್ತಬೇಡ, ನನ್ನ ಬಿಲ್ಲೆಯೊಂದು ಸಿಡಿದು ಕಿಟಕಿ ಗಾಜು ಸೀಳಿತ್ತು. ಟೈಟಾನಿಯಂ ಪುಡಿಗೆ ಬೆಂಕಿ ಬಿದ್ದರೆ ಒಣ ಮರಳು ಸುರಿ, ನೀರನ್ನಲ್ಲ.

ದೀಪಾವಳಿಗೆ ಬರುವಾಗ ಉರಿ ನಿಂತ ಆ ತುದಿಯ ಫೋಟೊ ತಾ.

ಇತಿ,
ನಿನ್ನ ಮಾವ