ಪರೇಡು ಚೆನ್ನಾಗಿತ್ತು, ಹುಡುಗ ಬದಲಾದನೇ?

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೈಕ್ ಕಳವು, ಗಾಂಜಾ, ಹೊಡೆದಾಟ ಅಂತ ಹುಡುಗರು ಸಿಕ್ಕಿಬಿದ್ದಾಗಲೆಲ್ಲ ಕಾರವಾರದ ಕಡೆ ಒಂದು ಮಾತು ಕೇಳುತ್ತೇನೆ: 'ನೌಕಾನೆಲೆ ಪಕ್ಕದಲ್ಲೇ ಇದೆಯಲ್ಲ, ಮೂರು ತಿಂಗಳು ಮಿಲಿಟರಿ ಟ್ರೇನಿಂಗ್ ಕೊಡಿಸಿ, ಸರಿಹೋಗ್ತಾರೆ.' ಈ ಮಾತು ಯೋಜನೆಯಾಗಿ ನಿಮ್ಮ ಮೇಜಿಗೆ ಬರುವ ಮುಂಚೆ ಬರೆಯುತ್ತಿದ್ದೇನೆ. ಶಿರಸಿಯಲ್ಲಿ ಹೈಸ್ಕೂಲು ಮಾಸ್ತರನಾಗಿ ಎನ್‌ಸಿಸಿ ನೋಡಿಕೊಂಡವನು ನಾನು, ಕವಾಯತಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎನ್‌ಸಿಸಿಗೆ ಹುಡುಗರು ತಾವಾಗಿ ಬರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ.

ಅಮೆರಿಕದ ಜಾರ್ಜಿಯಾ, ಒಕ್ಲಹೋಮ ರಾಜ್ಯಗಳು 1983ರಲ್ಲೇ ಅಪರಾಧಿಗಳಿಗೆ ಸೇನೆಯ ಮಾದರಿಯ ಕವಾಯತು ಮಾಡಿಸುವ ಇಂಥ ಸೆರೆ ಶಿಬಿರ (ಬೂಟ್ ಕ್ಯಾಂಪ್) ತೆರೆದವು. ಶಿಬಿರ ಮುಗಿಸಿದವರ ಧೋರಣೆ ಸುಧಾರಿಸಿದ್ದನ್ನು ಸಂಶೋಧಕರು ಕಂಡರು, ನಿಜ. ಆದರೆ ಸಾಮಾನ್ಯ ಜೈಲಿನಲ್ಲಿದ್ದವರ ಸಮಾಜವಿರೋಧಿ ಧೋರಣೆಯೂ ಇಳಿದಿತ್ತು! ಜೈಲಿನವರನ್ನೂ ಕೇಳಿದ್ದಕ್ಕೆ ಇದು ತಿಳಿಯಿತು. ಇಲ್ಲದಿದ್ದರೆ ಶ್ರೇಯಸ್ಸೆಲ್ಲ ಬೂಟಿಗೆ ಹೋಗುತ್ತಿತ್ತು. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕ್ಯಾಂಪ್‌ಬೆಲ್ ಸಂಸ್ಥೆಯ 2005ರ ವರದಿ, ಮತ್ತೆ ಅಪರಾಧ ಮಾಡುವುದರಲ್ಲಿ ಶಿಬಿರದವರಿಗೂ ಉಳಿದವರಿಗೂ ಒಟ್ಟಾರೆ ವ್ಯತ್ಯಾಸವಿಲ್ಲ ಎಂದಿತು. ಫ್ಲೋರಿಡಾದ ಶಿಬಿರವೊಂದರಲ್ಲಿ ಕಾವಲುಗಾರರ ಬಲಪ್ರಯೋಗಕ್ಕೆ ಸಿಕ್ಕ 14 ವರ್ಷದ ಹುಡುಗ 2006ರಲ್ಲಿ ತೀರಿಕೊಂಡ. ಆಮೇಲೆ ಆ ರಾಜ್ಯ ಅಂಥ ಶಿಬಿರಗಳನ್ನೇ ಮುಚ್ಚಿತು.

ಇಂಗ್ಲೆಂಡಿನ ಅನುಭವ ಇನ್ನೂ ಕುತೂಹಲದ್ದು. 1990ರ ದಶಕದ ಕೊನೆಯಲ್ಲಿ ಕೋಲ್‌ಚೆಸ್ಟರಿನ ಸೇನಾ ಕೇಂದ್ರದಲ್ಲಿ ಅಪರಾಧಿ ಯುವಕರಿಗೆ ಕಟ್ಟುನಿಟ್ಟಿನ ದಿನಚರಿ ಹಾಕಿದರು. ಮೈ ಗಟ್ಟಿಯಾಯಿತು, ಸಿಬ್ಬಂದಿ ಮೇಲಿನ ಭಾವನೆಯೂ ಸುಧಾರಿಸಿತು. ಅಪರಾಧ ಮಾತ್ರ ಇಳಿಯಲಿಲ್ಲ. ಥಾರ್ನ್ ಕ್ರಾಸ್ ಎಂಬ ಯುವ ಅಪರಾಧಿಗಳ ಸೆರೆಮನೆಯಲ್ಲಿ ಕವಾಯತಿನ ಜೊತೆ ಓದು, ಕಸುಬು, ಕೊನೆಗೆ ಹೊರಗೆ ಕೆಲಸದ ವ್ಯವಸ್ಥೆ ಇತ್ತು. ಅಲ್ಲಿ ಮೊದಲ ವರ್ಷ ಮರು ಅಪರಾಧ ಇಳಿಯಿತು. ನನಗೆ ಕಾಣುವಂತೆ ಫಲ ಕೊಟ್ಟದ್ದು ಬೂಟಲ್ಲ, ಉಳಿದದ್ದು.

ಹಾಗಾಗಿ ಶಿಬಿರ ನಡೆಸಲೇಬೇಕೆಂದಾದರೆ ಸಮಾರೋಪದ ದಿನ ತುಂಬಿಸುವ ಫಾರ್ಮನ್ನು ದಯವಿಟ್ಟು ಮೌಲ್ಯಮಾಪನ ಎನ್ನಬೇಡಿ. 'ಹಿರಿಯರ ಮಾತು ಕೇಳುತ್ತೀಯಾ?' ಎಂದು ಹವಾಲ್ದಾರರ ಎದುರು ಕೇಳಿದರೆ ಯಾವ ಹುಡುಗ ಇಲ್ಲ ಎಂದಾನು? ಅದೇ ಪ್ರಶ್ನೆಗಳನ್ನು ಮೊದಲ ದಿನ, ಕೊನೆಯ ದಿನ, ಊರಿಗೆ ಹೋಗಿ ವರ್ಷವಾದ ಮೇಲೆ ಕೇಳಬೇಕು. ಕೇಳುವವರು ಹೊರಗಿನವರಾಗಿರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ ದೂರವೇನಲ್ಲ. ಶಿಬಿರಕ್ಕೆ ಹೋಗದೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲಿ ಮನೆಯಲ್ಲೇ ಉಳಿದ, ಅಂಥದೇ ಪ್ರಕರಣಗಳ ಹುಡುಗರನ್ನೂ ಕೇಳಬೇಕು. ಅರ್ಧಕ್ಕೇ ಬಿಟ್ಟವರ ಹೆಸರು ಲೆಕ್ಕದಿಂದ ಜಾರಬಾರದು. ಗಟ್ಟಿಯಾದವರೇ ಕೊನೆತನಕ ಉಳಿದರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ.

ಇನ್ನು ಕಾನೂನು. 2015ರ ಬಾಲ ನ್ಯಾಯ ಕಾಯ್ದೆ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದನ್ನು ಕೊನೆಯ ಉಪಾಯ ಎನ್ನುತ್ತದೆ. ಅದರ 82ನೇ ಕಲಮು ಪಾಲನಾ ಸಂಸ್ಥೆಗಳಲ್ಲಿ ಶಿಸ್ತಿನ ಹೆಸರಲ್ಲಿ ಹೊಡೆಯುವುದನ್ನೇ ಅಪರಾಧವಾಗಿಸಿದೆ.

ಮತ್ತೊಂದು ಸಂಗತಿ ಅಧಿಕಾರಿಗಳು ಹೇಳಲಿಕ್ಕಿಲ್ಲ. ತದಡಿಯ ಹುಡುಗನೊಬ್ಬ ಜೂನ್ ನಡುವೆ ಶಿಬಿರದಿಂದ ಮರಳಿದನೆನ್ನಿ. ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಕೈಗೆ ಕೆಲಸವಿಲ್ಲ, ಹಳೆಯ ಗೆಳೆಯರು ಅಲ್ಲೇ. ಬೂಟು, ಸಮವಸ್ತ್ರ, ವೇದಿಕೆಗೆ ತೆಗೆದಿಡುವ ಹಣದಲ್ಲಿ ಆ ಹುಡುಗನ ಮುಂದಿನ ಒಂದು ವರ್ಷಕ್ಕೆ ಎಷ್ಟಿದೆ ಎಂಬುದನ್ನು ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಕೇಳಿ. ಉತ್ತರವನ್ನು ಪತ್ರಿಕೆಗಳಿಗೂ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಶಿರಸಿಯ ಒಬ್ಬ ನಿವೃತ್ತ ಮಾಸ್ತರ