ಅಪ್ಪನನ್ನೇ ಒಂದು ಮಾತು ಕೇಳೋಣ

ಮಾರ್ಬರ್ಗ್, ಜರ್ಮನಿ
ಭಾನುವಾರ ಬೆಳಗ್ಗೆ

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರಗಳು.

ನಾನು ಕ್ಷೇಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಗೌರಿ ಕರು ಹಾಕಿದ ಫೋಟೋ ನೋಡಿದೆ. ಹಣೆ ಮೇಲಿನ ಬಿಳಿ ಚುಕ್ಕೆ ತಾಯಿಯದೇ. ಚಿನ್ನುವಿನ ಸ್ಕೂಲ್ ಡೇ ಹೇಗಾಯಿತು, ಅವನ ಕೈಯಲ್ಲೇ ಎರಡು ಸಾಲು ಬರೆಸಿ.

ಅಣ್ಣ, ನಿನ್ನ ನಾಲ್ಕು ಪುಟದ ಕಾಗದ ಬಂತು. ಫೋನಿನಲ್ಲಿ ಮಾತಾಡೋಣ ಅಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ ಅಂತ ಬರೆದಿದ್ದೀಯ. ಅದಕ್ಕೇ ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ಮನೆ ವಿಳಾಸಕ್ಕೆ ಹಾಕಿದರೆ ಪೋಸ್ಟಿನವನು ಅಪ್ಪನ ಕೈಗೇ ಕೊಡುತ್ತಾನೆ. ಹಾಗಾಗಿ ಅತ್ತಿಗೆಯ ಸ್ಕೂಲಿಗೆ ಹಾಕುತ್ತಿದ್ದೇನೆ. ಅಪ್ಪನಿಗಿರುವುದು ಪ್ರಾಸ್ಟೇಟ್ ಕ್ಯಾನ್ಸರ್, ನಾವು ಅವರಿಗೆ ಹೇಳಿರುವುದು ಯೂರಿನ್ ಇನ್ಫೆಕ್ಷನ್ ಅಂತ. ನೋಡು, ಅಪ್ಪನ ಕಾಯಿಲೆಯ ವಿಷಯ ಅಪ್ಪನ ಕಣ್ಣಿಗೆ ಬೀಳದಿರಲಿ ಅಂತ ನಾವು ಎಷ್ಟು ದಾರಿ ಸುತ್ತುತ್ತಿದ್ದೇವೆ!

"ಅಲ್ಲಿಗೆ ಹೋಗಿ ನೀನೂ ಅವರ ಹಾಗೇ ಆಗಿಬಿಟ್ಟೆ" ಅಂದಿದ್ದೀಯ. ಆ ಸಾಲು ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಒಂದು ಸುಳ್ಳು ಹೇಳಿ ಅಪ್ಪನನ್ನು ಉಳಿಸಿಕೊಂಡರೆ ತಪ್ಪಾ" ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಕೊಡಲೇಬೇಕು. ಕೋಪ ಮಾಡಿಕೊಳ್ಳದೆ ಓದು.

ಹೋದ ವಾರ ಅಪ್ಪ ಫೋನಿನಲ್ಲಿ ಕೇಳಿದರು. "ಮಗಾ, ನೀನು ನರ್ಸು ಅಲ್ವಾ, ಒಂದು ಹೇಳು. ಈ ಚಳಿಯಲ್ಲೂ ರಾತ್ರಿ ಬನಿಯನ್ ಹಿಂಡುವಷ್ಟು ಬೆವರುತ್ತೆ. ಯೂರಿನ್ ಇನ್ಫೆಕ್ಷನ್ನಿಗೆ ಹೀಗೆಲ್ಲ ಆಗುತ್ತಾ?" ಅಣ್ಣ, ಅದು ಮೂರು ತಿಂಗಳಿಗೊಮ್ಮೆ ಕೊಡುವ ಹಾರ್ಮೋನ್ ಇಂಜೆಕ್ಷನ್ನಿನ ಬೆವರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ತುಂಬಾ ಜನರಿಗೆ ಹೀಗಾಗುತ್ತದೆ. ನಮ್ಮ ವಾರ್ಡಿನಲ್ಲಿ ಅಪ್ಪನ ವಯಸ್ಸಿನವರ ಹಾಸಿಗೆ ಪಕ್ಕ ಕೂತು ಇದನ್ನೇ ವಿವರಿಸುವುದು ನನ್ನ ಕೆಲಸ. ಆದರೆ ಅಪ್ಪನಿಗೆ "ಆಗುತ್ತಪ್ಪ, ವಯಸ್ಸಾದ ಮೇಲೆ ಕೆಲವರಿಗೆ" ಅಂದೆ. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ "ಹೂಂ" ಅಂದರು. ಆ "ಹೂಂ" ಇನ್ನೂ ಕಿವಿಯಲ್ಲಿದೆ. ಪರದೇಶದವರಿಗೆಲ್ಲ ನಿಜ ಹೇಳುವ ನಾನು ಹೆತ್ತ ಅಪ್ಪನಿಗೆ ಹೇಳಲಿಲ್ಲ.

ಇಲ್ಲಿನ ಪದ್ಧತಿ ನಿನಗೆ ವಿಚಿತ್ರ ಅನ್ನಿಸಬಹುದು. ನಿನ್ನನ್ನು ಡಾಕ್ಟರು ರೂಮಿಗೆ ಕರೆದು, ಬಾಗಿಲು ಹಾಕಿ, ಮೊದಲು ನಿನಗೇ ಹೇಳಿದರಲ್ಲ, ಇಲ್ಲಿ ಹಾಗೆ ಮಾಡಿದರೆ ಅಪರಾಧ. ರೋಗಿ ಒಪ್ಪದೆ ಅವನ ಹೆಂಡತಿಗೂ ಹೇಳುವಂತಿಲ್ಲ, ಮಕ್ಕಳಿಗೂ ಹೇಳುವಂತಿಲ್ಲ. ರೋಗಿಗೆ ಎಲ್ಲವನ್ನೂ ತಿಳಿಸಲೇಬೇಕು ಅನ್ನುವುದು 2013ರಲ್ಲಿ ಕಾನೂನಾಗಿಯೇ ಬಂತು. ನಮ್ಮಲ್ಲಿ 2002ರ ವೈದ್ಯರ ನಡತೆಯ ನಿಯಮ ಬೇರೆ ಥರ ಇದೆ. ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿ ಇರುವ ಸ್ನೇಹಿತರಿಗೆ ಸ್ಥಿತಿ ಗೊತ್ತಿರಬೇಕು ಅನ್ನುತ್ತದೆ ಅದು. ಆ "ಅಥವಾ" ಒಳಗೇ ನಮ್ಮ ಇಡೀ ಸಂಸಾರ ಕೂತಿದೆ. ಹಾಗಾಗಿ ನಿನ್ನ ತಪ್ಪೂ ಇಲ್ಲ, ಆ ಡಾಕ್ಟರದ್ದೂ ತಪ್ಪಿಲ್ಲ.

ನಮ್ಮ ಮನೆ ಓನರ್ ಅಜ್ಜಿ ಸ್ಕೂಲಿನಲ್ಲಿ ನೀತಿಪಾಠದ ಟೀಚರ್ ಆಗಿದ್ದವರು. ಇಲ್ಲಿ ಧರ್ಮದ ಕ್ಲಾಸಿಗೆ ಹೋಗದ ಮಕ್ಕಳಿಗೆ ಅದೇ ಒಂದು ಸಬ್ಜೆಕ್ಟು. ಅವರ ಹತ್ತಿರ ನಿನ್ನ ಮಾತು ಹೇಳಿದೆ. ಅವರು ಟೀ ಕಪ್ ಪಕ್ಕಕ್ಕಿಟ್ಟು ಕಾಂಟ್ ಕಥೆ ಶುರು ಮಾಡಿದರು. ಇಮ್ಯಾನುವೆಲ್ ಕಾಂಟ್ ಅಂತ ಇವರ ದೊಡ್ಡ ತತ್ವಜ್ಞಾನಿ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ 1797ರಲ್ಲಿ ಬರೆದನಂತೆ! ಅದಕ್ಕೂ ಮೊದಲೇ ಬೆಂಜಮಿನ್ ಕಾನ್‌ಸ್ಟಂಟ್ ಅನ್ನುವವನು ಇಂಥ ಮಾತನ್ನು ಒಪ್ಪದೆ ವಾದ ಹೂಡಿದ್ದ. ಸತ್ಯ ಹೇಳುವ ಕರ್ತವ್ಯ ಇರುವುದು ಆ ಸತ್ಯದ ಮೇಲೆ ಹಕ್ಕಿರುವವನಿಗೆ ಮಾತ್ರ, ಕೊಲೆಗಾರನಿಗೆ ಯಾವ ಹಕ್ಕು ಅಂತ. ಕಾಂಟ್ ಬರೆದದ್ದು ಅದಕ್ಕೆ ಉತ್ತರವಾಗಿಯೇ.

ನಾನು ಕಾಂಟ್ ಹೇಳಿದ್ದನ್ನು ಒಪ್ಪುವುದಿಲ್ಲ, ಅಣ್ಣ. ಕೊಲೆಗಾರ ಬಂದರೆ ನಾನು ಖಂಡಿತ ಸುಳ್ಳು ಹೇಳುತ್ತೇನೆ, ನೀನೂ ಹೇಳುತ್ತೀಯ. ಆದರೆ ಕಾನ್‌ಸ್ಟಂಟ್ ಮಾತನ್ನೇ ಹಿಡಿದು ನೋಡು. ಮೈ ಅಪ್ಪನದು, ಬೆವರು ಅಪ್ಪನದು, ಕಾಯಿಲೆ ಅಪ್ಪನದು. ಈ ಸತ್ಯದ ಮೇಲೆ ಅವರಿಗಿಂತ ಜಾಸ್ತಿ ಹಕ್ಕು ಯಾರಿಗಿದೆ?

ಕಾಂಟ್ ಹೇಳಿದ ಇನ್ನೊಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಸುಳ್ಳು ಹೇಳಿದ ಮೇಲೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿನಗೆ ಗೊತ್ತಿರುವುದಿಲ್ಲ. ಸ್ನೇಹಿತ ಒಳಗಿಲ್ಲ ಅಂತ ನೀನು ಹೇಳಿದೆ, ಅವನೋ ನಿನಗೆ ಗೊತ್ತಾಗದೆ ಹಿತ್ತಲಿನಿಂದ ಹೊರಟುಬಿಟ್ಟಿದ್ದ, ಕೊಲೆಗಾರ ವಾಪಸ್ ಹೋಗುವಾಗ ದಾರಿಯಲ್ಲೇ ಸಿಕ್ಕ. ಆಗ ಏನು ಮಾಡ್ತೀಯ ಅಂತ ಕಾಂಟ್ ಕೇಳುತ್ತಾನೆ. ನಿನ್ನ ಕಾಗದದ ಮೂರನೇ ಪುಟದಲ್ಲಿ ಏನಿದೆ ನೋಡು. "ಇನ್ಫೆಕ್ಷನ್ ವಾಸಿಯಾಯಿತಲ್ಲ, ಮುಂದಿನ ಇಂಜೆಕ್ಷನ್ ಬೇಡ ಅಂತ ಹಟ ಹಿಡಿದಿದ್ದಾರೆ." ಇನ್ಫೆಕ್ಷನ್ ಅಂತ ಹೇಳಿದ್ದು ನಾವು, ಅವರು ನಂಬಿದರು. ವಾಸಿಯಾದ ಇನ್ಫೆಕ್ಷನ್ನಿಗೆ ಯಾರಾದರೂ ಇಂಜೆಕ್ಷನ್ ತಗೋತಾರಾ? ಅವರನ್ನು ಉಳಿಸಲಿ ಅಂತ ಹೇಳಿದ ಸುಳ್ಳೇ ಈಗ ಔಷಧಿಗೆ ಅಡ್ಡ ನಿಂತಿದೆ. ನನಗೆ ಹೆದರಿಕೆ ಆಗಿರುವುದು ಇದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಇಷ್ಟು ಹೇಳಿದ ಮೇಲೆ ನಿನ್ನ ಕಡೆಯ ಮಾತನ್ನೂ ಹೇಳಬೇಕು. ಹೋದ ತಿಂಗಳು ನಮ್ಮ ಆಸ್ಪತ್ರೆಗೆ ಒಬ್ಬರು ಬಂದಿದ್ದರು, ಎಪ್ಪತ್ತು ದಾಟಿದವರು. ಸಂಜೆ ನಾಲ್ಕಕ್ಕೆ ಡಾಕ್ಟರು ರಿಪೋರ್ಟು ಮುಂದಿಟ್ಟು ಎಲ್ಲ ಹೇಳಿದರು. ಅವರು ಶಾಂತವಾಗಿ ಕೇಳಿಸಿಕೊಂಡು, ಕೋಟು ಹಾಕಿಕೊಂಡು, ಟೋಪಿ ಸರಿ ಮಾಡಿಕೊಂಡು ಬಸ್ ಸ್ಟಾಪಿಗೆ ನಡೆದರು. ಮಗ ದೂರದ ಊರಿನಲ್ಲಿದ್ದಾನಂತೆ. ಕಿಟಕಿಯಿಂದ ನೋಡುತ್ತಿದ್ದೆ. ಹಿಮ ಬೀಳುತ್ತಿತ್ತು. ಸತ್ಯವನ್ನು ಕೈಗೆ ಕೊಟ್ಟು ಒಬ್ಬರನ್ನೇ ಕಳಿಸುವ ಸಮಾಜ ಒಳ್ಳೆಯದು ಅಂತ ನಾನು ಯಾವತ್ತೂ ಹೇಳಲಾರೆ. ಅಪ್ಪನ ಬಯಾಪ್ಸಿ ದಿನ ಶಿವಮೊಗ್ಗಕ್ಕೆ ಎಂಟು ಜನ ಹೋಗಿದ್ದಿರಿ, ಚಿಕ್ಕಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅದು ಇವರಿಗಿಲ್ಲ. ಇಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಊಟಕ್ಕೆ ತಣ್ಣಗಿನ ಬ್ರೆಡ್ಡು, ಚೀಸು ಅಷ್ಟೇ ಕೊಡುತ್ತಾರೆ, ಹುಷಾರಿಲ್ಲದವರಿಗೂ ಅದೇ! ಒಬ್ಬ ಅಜ್ಜಿಗೆ ನನ್ನ ಡಬ್ಬಿಯ ಗಂಜಿ ಒಂದು ಚಮಚ ಕೊಟ್ಟೆ. ಮರುದಿನ ಇನ್ನೊಂದು ಚಮಚ ಕೇಳಿದರು. ಚೆಂದ ಅನ್ನಿಸಿತು.

ಆದರೆ ಇಲ್ಲಿ ನಿಜ ಹೇಳುವುದು ಸುಲಭ, ಅದಕ್ಕೆ ಕಾರಣ ಇದೆ. ಕಾಯಿಲೆ ಅಂದ ಕೂಡಲೇ ಇವರಿಗೆ ತೋಟ, ಮನೆ, ಸಾಲ ಕಣ್ಣ ಮುಂದೆ ಬರುವುದಿಲ್ಲ. ಬಿಸ್ಮಾರ್ಕ್ ಅನ್ನುವವನು ಇಲ್ಲಿನ ಚಾನ್ಸಲರ್ ಆಗಿದ್ದ ಕಾಲದಲ್ಲಿ, 1883ರಲ್ಲೇ ಕಾರ್ಮಿಕರ ಆರೋಗ್ಯ ವಿಮೆ ಶುರುವಾಗಿದೆ. ನನ್ನ ಸಂಬಳದ ಶೇ. 14.6 ಮತ್ತು ಅದರ ಮೇಲೆ ಇನ್ನೊಂದಿಷ್ಟು ಹೋಗುತ್ತದೆ. ಅರ್ಧ ನನ್ನದು, ಅರ್ಧ ಆಸ್ಪತ್ರೆಯವರದು. ಜಾಸ್ತಿ ಸಂಬಳದವರು ಜಾಸ್ತಿ ಕಟ್ಟುತ್ತಾರೆ, ಚಿಕಿತ್ಸೆ ಮಾತ್ರ ಈ ವಿಮೆಯವರಿಗೆಲ್ಲ ಒಂದೇ. ಅಡ್ಮಿಟ್ ಆದರೆ ರೋಗಿ ಕೊಡುವುದು ದಿನಕ್ಕೆ 10 ಯೂರೋ. ಹಾಗಾಗಿ ಅವರು ಕೇಳುವ ಮೊದಲ ಪ್ರಶ್ನೆ "ಎಷ್ಟು ದಿನ ಬದುಕ್ತೀನಿ". ಅಪ್ಪ ಕೇಳುವ ಮೊದಲ ಪ್ರಶ್ನೆ "ಎಷ್ಟಾಗುತ್ತೆ".

ನಿನ್ನ ಹೆದರಿಕೆ ನನಗೆ ಗೊತ್ತು ಅಣ್ಣ, ನೀನು ಬರೆಯದಿದ್ದರೂ. ಅಪ್ಪ ಎದೆ ಒಡೆದುಕೊಳ್ಳುತ್ತಾರೆ ಅಂತ ಅಲ್ಲ. "ಕೆಳಗಿನ ತೋಟ ಮಾರೋದಾದರೆ ನನಗೆ ಚಿಕಿತ್ಸೆಯೇ ಬೇಡ" ಅಂದುಬಿಡುತ್ತಾರೆ ಅಂತ. ನಮ್ಮದು ಎಪಿಎಲ್ ಕಾರ್ಡು, ಸರ್ಕಾರದ ದುಡ್ಡೂ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಕೇಳು. ತೋಟ ಮಾರಬೇಡ, ಮಾರಬೇಡ, ಮಾರಬೇಡ. ಈ ತಿಂಗಳು ಎರಡು ಲಕ್ಷ ಕಳಿಸುತ್ತೇನೆ. ಆಮೇಲೆ ಪ್ರತಿ ಇಂಜೆಕ್ಷನ್ನಿನ ದುಡ್ಡು ನನ್ನದು. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ನೈಟ್ ಡ್ಯೂಟಿಗೆ ಜಾಸ್ತಿ ದುಡ್ಡು ಕೊಡುತ್ತಾರೆ, ನನಗೆ ನೈಟ್ ಡ್ಯೂಟಿಯೇ ಇಷ್ಟ. ಈ ಮಾತನ್ನು ಅಪ್ಪನಿಗೂ ನಾನೇ ಹೇಳುತ್ತೇನೆ.

ನಿನಗೆ ಆ ತಾಳಮದ್ದಳೆ ನೆನಪಿದೆಯಾ? ನಾನು ಏಳನೇ ಕ್ಲಾಸು. ದೇವಸ್ಥಾನದಲ್ಲಿ ದ್ರೋಣನ ಪ್ರಸಂಗ. ಧರ್ಮರಾಯ "ಅಶ್ವತ್ಥಾಮ ಸತ್ತ" ಅನ್ನಬೇಕೋ ಬೇಡವೋ ಅಂತ ಕೃಷ್ಣನ ಅರ್ಥಧಾರಿಗೂ ಧರ್ಮರಾಯನಿಗೂ ಬೆಳಗಿನ ಜಾವದ ತನಕ ವಾದ. ಗೆದ್ದದ್ದು ಕೃಷ್ಣನೇ. ಟಾರ್ಚ್ ಹಿಡಿದು ಗದ್ದೆ ಬದುವಿನ ಮೇಲೆ ವಾಪಸ್ ಬರುವಾಗ ನೀನು, ಧರ್ಮರಾಯ ಸುಳ್ಳು ಹೇಳಲಿಲ್ಲ, ಆನೆ ಅಂತಾನೂ ಹೇಳಿದನಲ್ಲ ಅಂದೆ. ಅಪ್ಪ ನಿಂತರು. "ಹೇಳಿದ. ಆದರೆ ದ್ರೋಣನಿಗೆ ಕೇಳಿಸದ ಹಾಗೆ ಶಂಖ ಊದಿದರಲ್ಲ. ಮುದುಕನ ಕಿವಿಗೆ ಅರ್ಧವೇ ಬಿತ್ತು. ಅದು ಅನ್ಯಾಯ" ಅಂದರು. ಮುಂದೆ ಅವರೇ ನಡೆದರು, ನಾವು ಹಿಂದೆ.

ಈಗ ಅಪ್ಪನ ಸುತ್ತ ನಾವು ಶಂಖ ಊದುತ್ತಿದ್ದೇವೆ, ಅಣ್ಣ. ನೀನು, ನಾನು, ಅತ್ತಿಗೆ, ಚಿಕ್ಕಮ್ಮ, ಎಲ್ಲರೂ ಸೇರಿ.

ನಮ್ಮ ಅಜ್ಜಿಗೂ ಹೀಗೇ ಮಾಡಿದೆವಲ್ಲ. ಗ್ಯಾಸ್ಟ್ರಿಕ್ ಅಂತ ಹೇಳಿದ್ದೆವು. ಅಜ್ಜಿ ಹೋದ ಮೇಲೆ ಅಕ್ಕಿ ಡಬ್ಬದಲ್ಲಿ ಬೆಂಡೋಲೆ ಸಿಕ್ಕಿತು, ಬಟ್ಟೆಯಲ್ಲಿ ಮೂರು ಗಂಟು, ಒಂದೊಂದು ಗಂಟಿಗೂ ಬೇರೆ ಬಣ್ಣದ ದಾರ. ಯಾರಿಗೆ ಯಾವುದು ಅಂತ ಕೆಲಸದ ನಾಗಮ್ಮನಿಗೆ ಹೇಳಿದ್ದರು, ನಮಗಲ್ಲ. ನಾವು ಅಳಬಾರದು ಅಂತ ಅವರು ಏನೂ ಗೊತ್ತಿಲ್ಲದ ಹಾಗೆ ಇದ್ದರು. ಕೊನೆಯ ಮೂರು ತಿಂಗಳು ನಾವೂ ನಟಿಸಿದೆವು, ಅವರೂ ನಟಿಸಿದರು. ಒಂದು ಮಾತೂ ಮನಸ್ಸು ಬಿಚ್ಚಿ ಆಡಲಿಲ್ಲ. ಅಪ್ಪನ ಜೊತೆ ನನಗೆ ಅದು ಬೇಡ.

ಹಾಗಂತ ನಾಳೆಯೇ ಹೋಗಿ ಎಲ್ಲ ಹೇಳಿಬಿಡು ಅನ್ನುತ್ತಿಲ್ಲ. ಇದನ್ನು ಸರಿಯಾಗಿ ಓದು. ಇಲ್ಲಿನ ಕಾನೂನಿನಲ್ಲೂ, ನನಗೆ ಹೇಳಬೇಡಿ ಅಂತ ರೋಗಿ ಸ್ಪಷ್ಟವಾಗಿ ಅಂದರೆ ಡಾಕ್ಟರು ಒತ್ತಾಯ ಮಾಡುವುದಿಲ್ಲ. ಓನರ್ ಅಜ್ಜಿಯ ಯಜಮಾನರು ಹಾಗೇ ಅಂದಿದ್ದರಂತೆ. "ಔಷಧಿ ಹೇಳಿ, ಲೆಕ್ಕ ಹೇಳಬೇಡಿ." ಕೆಟ್ಟ ಸುದ್ದಿ ಹೇಳುವುದಕ್ಕೆ ನಮಗೆ ಕಲಿಸುವ ಆರು ಹಂತಗಳಲ್ಲಿ ಸುದ್ದಿ ಬರುವುದು ನಾಲ್ಕನೆಯದಾಗಿ. ಮೂರನೆಯದು, ನಿಮಗೆ ಎಷ್ಟು ತಿಳಿಯಬೇಕು ಅಂತ ಕೇಳುವುದು. ನಾನು ಬೇಡುವುದು ಅಷ್ಟೇ. ಹೇಳಬೇಕೋ ಬೇಡವೋ ಅಂತ ನೀನೂ ತೀರ್ಮಾನ ಮಾಡಬೇಡ, ನಾನೂ ಮಾಡುವುದಿಲ್ಲ. ಅಪ್ಪನನ್ನೇ ಕೇಳೋಣ.

ಮುಂದಿನದಕ್ಕೂ ಇದು ಬೇಕು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವುದಕ್ಕೆ ನಮ್ಮ ಕರ್ನಾಟಕದಲ್ಲೂ 2025ರ ಜನವರಿಯಲ್ಲಿ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದೆ. ಅಪ್ಪನಿಗೆ ಅದು ಈಗ ಬೇಕಿಲ್ಲ, ದೇವರ ದಯೆ. ಆದರೆ ಕಾಯಿಲೆಯೇ ಗೊತ್ತಿಲ್ಲದವರು ಏನು ಅಂತ ಬರೆದಿಡುತ್ತಾರೆ?

ಅಪ್ಪ ತಡೆದುಕೊಳ್ಳುತ್ತಾರೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗ ಊರಿನವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಪ್ಪ ಒಂದೊಂದು ಮರದ ಸೋಗೆಯನ್ನೂ ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಔಷಧಿ ಹೊಡೆಸಿದರು. ತನ್ನ ಮೈಯ ವಿಷಯದಲ್ಲಿ ಮಾತ್ರ ಅವರನ್ನು ಕುರುಡು ಮಾಡಿ ಕೂರಿಸುವುದು ಬೇಡ. ಹೇಳುವುದಕ್ಕೆ ಒಳ್ಳೆಯ ಸುದ್ದಿಯೂ ಇದೆಯಲ್ಲ. ಈ ಕ್ಯಾನ್ಸರ್ ಎಷ್ಟು ಹತೋಟಿಯಲ್ಲಿದೆ ಅಂತ ತೋರಿಸುವ ರಕ್ತಪರೀಕ್ಷೆ, ಪಿಎಸ್ಎ, 86ರಿಂದ 4ಕ್ಕೆ ಇಳಿದಿದೆ. ಮೂಳೆಗೆ ಹರಡಿದ್ದರೂ ಇದೇ ಇಂಜೆಕ್ಷನ್ನಿನಲ್ಲಿ ವರ್ಷಗಟ್ಟಲೆ ತೋಟ ಸುತ್ತಿಕೊಂಡು ಇರುವವರಿದ್ದಾರೆ, ನಾನೇ ನೋಡಿದ್ದೇನೆ.

ಇಂಜೆಕ್ಷನ್ 18ಕ್ಕೆ. ಅದಕ್ಕೆ ಮೊದಲು ಒಂದು ಸಂಜೆ, ಅಡಿಕೆ ಸುಲಿಯುವವರು ಹೋದ ಮೇಲೆ, ಜಗುಲಿ ಮೇಲೆ ಕೂತಾಗ ಕೇಳು. "ಅಪ್ಪ, ನಿಮ್ಮ ಕಾಯಿಲೆ ವಿಷಯ ಡಾಕ್ಟರು ನನಗೆ ಜಾಸ್ತಿ ಹೇಳಿದ್ದಾರೆ. ನಿಮಗೆ ಹೇಳಲಾ, ಅಥವಾ ನಾನೇ ನೋಡಿಕೊಳ್ಳಲಾ?" ಇಷ್ಟೇ ಸಾಕು. "ನೀನೇ ನೋಡ್ಕೋ" ಅಂದರೆ ನಾನು ಜನ್ಮದಲ್ಲಿ ಈ ಮಾತು ಎತ್ತುವುದಿಲ್ಲ, ಆಣೆ. "ಹೇಳು" ಅಂದರೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಹೇಳುವುದು ನಾನು ಹೇಳುತ್ತೇನೆ, ನೀನು ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿರು. ಅದು ನನ್ನಿಂದ ಇಲ್ಲಿಂದ ಆಗದ ಕೆಲಸ.

ಬಸ್ಸಿಗೆ ಹೊತ್ತಾಯಿತು, ಒಂದೂವರೆಗೆ ಡ್ಯೂಟಿ. ನನ್ನ ಬಗ್ಗೆ ಚಿಂತೆ ಮಾಡಬೇಡಿ. ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಚಳಿ ಅಷ್ಟೇನಿಲ್ಲ, ಎರಡು ಸ್ವೆಟರ್ ಇದೆ, ನಿದ್ದೆಯೂ ಬರುತ್ತದೆ. ಈ ಇಂಜೆಕ್ಷನ್ನಿನಿಂದ ಮೂಳೆ ಸವೆಯುತ್ತೆ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಅಡಿಕೆ ಗೊನೆ ಹೊರೋದಕ್ಕೆ ಮಾತ್ರ ಅಪ್ಪನನ್ನು ಬಿಡಲೇಬೇಡ. ರಾತ್ರಿ ತಲೆದಿಂಬಿನ ಪಕ್ಕ ಒಣಗಿದ ಬನಿಯನ್ ಒಂದು ಇಟ್ಟಿರಲಿ ಅತ್ತಿಗೆ.

ಇಂತಿ ನಿನ್ನ ತಂಗಿ